ಪುಟದ ವಿಳಾಸಕ್ಕೆ ಶೀರ್ಷಿಕೆಯ ರೂಪ: ಕನ್ನಡ ಜಾಲತಾಣಗಳು ಗಮನಿಸಬೇಕಾದ ಅಂಶಗಳು

ವರ್ಡ್‌ಪ್ರೆಸ್, ಜೂಮ್ಲಾ, ದ್ರೂಪಲ್ ಮುಂತಾದ ವಿಷಯ ನಿರ್ವಹಣಾ ತಂತ್ರಾಂಶಗಳು ಪ್ರತಿ ಬರಹವನ್ನೂ ದತ್ತಸಂಚಯದಲ್ಲಿ ಒಂದು ಸಂಖ್ಯೆಯ ಅಡಿಯಲ್ಲಿ ಇರಿಸುತ್ತವೆ. ಆ ಸಂಖ್ಯೆಯನ್ನೇ ವಿಳಾಸಕ್ಕೆ ಅಂಟಿಸಿದರೆ ‘?ಪಿ=123’ ಎಂಬಂತಹ ಕೊಂಡಿ ಹುಟ್ಟುತ್ತದೆ. ಯಂತ್ರಕ್ಕೆ ಅಷ್ಟು ಸಾಕು. ಆದರೆ ಅದು ಮಳೆಯ ಸುದ್ದಿಯೋ, ಅಡಿಕೆ ಧಾರಣೆಯೋ ಎಂಬುದು ಓದುಗರಿಗೆ ತಿಳಿಯದು. ಸಂಖ್ಯೆಯ ಬದಲು ಶೀರ್ಷಿಕೆಯ ಪದಗಳಿಂದ ವಿಳಾಸ ಕಟ್ಟುವ ಏರ್ಪಾಡನ್ನು ವರ್ಡ್‌ಪ್ರೆಸ್ ‘ಪರ್ಮಾಲಿಂಕ್’ ಎಂದು ಕರೆಯುತ್ತದೆ. ಶೀರ್ಷಿಕೆಯಿಂದ ಮೂಡುವ ಕೊನೆಯ ಭಾಗಕ್ಕೆ ‘ಸ್ಲಗ್’ ಎಂದು ಹೆಸರು.

ಅಳವಡಿಕೆ ಕಷ್ಟವೇನಲ್ಲ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ವಿಭಾಗದಲ್ಲಿ ಪರ್ಮಾಲಿಂಕ್ಸ್ ಪುಟ ತೆರೆದು ‘ಪೋಸ್ಟ್ ನೇಮ್’ ಮಾದರಿಯನ್ನೋ ದಿನಾಂಕ ಸಹಿತ ಮಾದರಿಯನ್ನೋ ಆರಿಸಿದರಾಯಿತು. ಅಪಾಚೆ ಸರ್ವರ್‌ನಲ್ಲಿ ‘ಮಾಡ್ ರೀರೈಟ್’ ಘಟಕ ಚಾಲನೆಯಲ್ಲಿದ್ದು, ‘.ಎಚ್‌ಟಿಆಕ್ಸೆಸ್’ ಕಡತದಲ್ಲಿ ನಿಯಮಗಳಿರಬೇಕು. ಎಂಜಿನ್‌ಎಕ್ಸ್ ಸರ್ವರ್ ಆ ಕಡತವನ್ನು ಓದುವುದೇ ಇಲ್ಲವಾದ್ದರಿಂದ ಅಲ್ಲಿ ಸರ್ವರ್‌ನ ಸಂರಚನೆಯಲ್ಲೇ ನಿಯಮ ಬರೆಯಬೇಕಾಗುತ್ತದೆ. ಮುಖಪುಟ ತೆರೆದು, ಉಳಿದ ಪುಟಗಳೆಲ್ಲ 404 ದೋಷ ತೋರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಜೂಮ್ಲಾದಲ್ಲಿ ಈ ಆಯ್ಕೆ ಗ್ಲೋಬಲ್ ಕಾನ್ಫಿಗರೇಷನ್ ಪುಟದಲ್ಲಿದೆ. ದ್ರೂಪಲ್‌ನಲ್ಲಿ ಶೀರ್ಷಿಕೆಯಿಂದ ತಾನಾಗಿ ವಿಳಾಸ ರಚಿಸಲು ‘ಪಾಥ್‌ಆಟೋ’ ಎಂಬ ಮಾಡ್ಯೂಲ್ ಬಳಕೆಯಲ್ಲಿದೆ.

ನಿಜವಾದ ತೊಡಕು ಕನ್ನಡ ಶೀರ್ಷಿಕೆಯದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಹಾಗೂ ಎರಡು ಅಕ್ಷರಗಳಾಗಿ ವಿಸ್ತರಿಸುವುದರಿಂದ ಒಂದು ಸಂಕೇತ 9 ಸ್ಥಾನಗಳನ್ನು ಆಕ್ರಮಿಸುತ್ತದೆ. ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ ಇವೆಲ್ಲವೂ ಪ್ರತ್ಯೇಕ ಸಂಕೇತಗಳೇ. ‘ಬೆಂಗಳೂರು’ ಎಂಬ ಪದ 8 ಸಂಕೇತಗಳಾಗಿ 72 ಸ್ಥಾನ ನುಂಗುತ್ತದೆ. ವರ್ಡ್‌ಪ್ರೆಸ್ ಸ್ಲಗ್‌ಗೆ ಮೀಸಲಿಟ್ಟಿರುವುದು 200 ಸ್ಥಾನ ಮಾತ್ರ.

ಪರಿಣಾಮವನ್ನು ನೋಡಿ. ‘ಕರ್ನಾಟಕ ವಿಧಾನಸಭೆ ಚುನಾವಣೆ ಫಲಿತಾಂಶ’ ಎಂಬ ಶೀರ್ಷಿಕೆಯಲ್ಲಿ ಮೊದಲ ಮೂರು ಪದಗಳು, ನಡುವಿನ ಎರಡು ಅಡ್ಡಗೆರೆಗಳು ಸೇರಿ 200 ಸ್ಥಾನ ಭರ್ತಿಯಾಗುತ್ತವೆ. ಸುದ್ದಿಯ ತಿರುಳಾದ ‘ಫಲಿತಾಂಶ’ವೇ ವಿಳಾಸದಿಂದ ಹೊರಗುಳಿಯುತ್ತದೆ. ಮರುದಿನ ಅದೇ ಮೂರು ಪದಗಳಿಂದ ಆರಂಭವಾಗುವ ಇನ್ನೊಂದು ವರದಿ ಪ್ರಕಟವಾದರೆ, ಗುರುತಿನ ಅಂಕಿಗೆ ಜಾಗ ಮಾಡಿಕೊಡಲು ಕೊನೆಯ ಎತ್ವವೂ ಕಳಚಿ ‘ಚುನಾವಣ-2’ ಎಂಬ ವಿಕಾರ ರೂಪ ಉಳಿಯುತ್ತದೆ. ಜೊತೆಗೆ ಹಲವು ಬ್ರೌಸರ್‌ಗಳಲ್ಲಿ ಕನ್ನಡ ವಿಳಾಸವನ್ನು ನಕಲಿಸಿ ಬೇರೆಡೆ ಅಂಟಿಸಿದೊಡನೆ ಶೇಕಡಾ ಚಿಹ್ನೆಗಳ ಸಾಲು ಎದುರಾಗುತ್ತದೆ. ಇಂಥ ಕೊಂಡಿಯನ್ನು ಮಿತ್ರರು ಕಳುಹಿಸಿದರೂ ಕ್ಲಿಕ್ಕಿಸಲು ಓದುಗರು ಹಿಂಜರಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಸ್ಲಗ್ ಪೆಟ್ಟಿಗೆಯಲ್ಲಿ ಎರಡು ಮೂರು ಆಯ್ದ ಕನ್ನಡ ಪದಗಳನ್ನು ಕೈಯಾರೆ ಬರೆಯುವುದು ಒಂದು ದಾರಿ. ರೋಮನ್ ಲಿಪಿಯಲ್ಲಿ ನಾಲ್ಕೈದು ಪದ ಬರೆಯುವುದು ಇನ್ನೊಂದು. ನಿತ್ಯ ಹತ್ತಾರು ಸುದ್ದಿ ಏರಿಸುವ ತಾಣಕ್ಕೆ ಎರಡನೆಯದೇ ಅನುಕೂಲ. ಆದರೆ ಊರು, ವ್ಯಕ್ತಿಗಳ ಹೆಸರಿನ ಕಾಗುಣಿತ ಸುದ್ದಿಮನೆಯಲ್ಲಿ ಒಂದೇ ತೆರನಾಗಿರಬೇಕು. ಪದಗಳ ನಡುವೆ ಕೆಳಗೆರೆಗಿಂತ ಅಡ್ಡಗೆರೆ ಲೇಸೆಂದು ಗೂಗಲ್ ಸಲಹೆ ನೀಡಿದೆ. ವಿಳಾಸದಲ್ಲಿ ಪದಗಳನ್ನು ತುರುಕಿದರೆ ಹುಡುಕಾಟದಲ್ಲಿ ಮೊದಲ ಸ್ಥಾನ ಖಚಿತ ಎಂಬ ಪ್ರಚಾರವನ್ನು ಮಾತ್ರ ನಂಬಬೇಕಿಲ್ಲ. ಶ್ರೇಯಾಂಕದ ಮೇಲೆ ಅದರ ಪ್ರಭಾವ ಅತ್ಯಲ್ಪವೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ.

ಅತಿ ಹೆಚ್ಚು ಹಾನಿ ಸಂಭವಿಸುವುದು ವಿಳಾಸ ಬದಲಿಸುವಾಗ. ವಿಳಾಸಗಳು ಬದಲಾಗಕೂಡದೆಂದು ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ವಾದಿಸಿದ್ದರು. ವರ್ಡ್‌ಪ್ರೆಸ್‌ನಲ್ಲಿ ಸಂಖ್ಯೆಯ ವಿಳಾಸದಿಂದ ಪದಗಳ ವಿಳಾಸಕ್ಕೆ ಹೋಗುವುದು ಅಪಾಯಕಾರಿಯಲ್ಲ. ಹಳೆಯ ಸಂಖ್ಯೆಯನ್ನು ಅದು ತಾನೇ ಹೊಸ ಪುಟಕ್ಕೆ ಒಯ್ಯುತ್ತದೆ. ಬಿಡಿ ಬರಹದ ಸ್ಲಗ್ ತಿದ್ದಿದರೂ ಹಿಂದಿನದನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಇಡೀ ತಾಣದ ಮಾದರಿಯನ್ನೇ ಬದಲಿಸಿದಾಗ ತಂತ್ರಾಂಶದ ಊಹೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹಳೆಯ ಪ್ರತಿ ವಿಳಾಸವನ್ನೂ 301 ಎಂಬ ಶಾಶ್ವತ ವರ್ಗಾವಣೆಯ ಮೂಲಕ ಹೊಸದಕ್ಕೆ ನೇರವಾಗಿ ಜೋಡಿಸಬೇಕು. ಈ ವರ್ಗಾವಣೆಗಳನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳುವಂತೆ ಗೂಗಲ್ ಸೂಚಿಸುತ್ತದೆ. ಸುದ್ದಿ ತಾಣವಾದರೆ ತೆಗೆಯದಿರುವುದೇ ಒಳಿತು. ಹತ್ತು ವರ್ಷದ ಹಿಂದಿನ ವರದಿಗೂ ಎಲ್ಲಿಂದಲೋ ಒಂದು ಕೊಂಡಿ ಇದ್ದೇ ಇರುತ್ತದೆ.