1753ಕ್ಕಿಂತ ಹಿಂದೆ ತಾರೀಖೇ ಇಲ್ಲವೆ?

1752ರ ಸೆಪ್ಟೆಂಬರ್ 2, ಬುಧವಾರ. ಅಂದು ರಾತ್ರಿ ಇಂಗ್ಲೆಂಡಿನಲ್ಲಿ ಮಲಗಿದವರು ಮರುದಿನ ಎದ್ದದ್ದು ಸೆಪ್ಟೆಂಬರ್ 14ರ ಗುರುವಾರದಂದು. ನಡುವಿನ ಹನ್ನೊಂದು ತಾರೀಖುಗಳನ್ನು ಪಾರ್ಲಿಮೆಂಟಿನ ಕಾಯ್ದೆಯೊಂದು ಅಳಿಸಿಹಾಕಿತ್ತು. ಜೂಲಿಯನ್ ಪಂಚಾಂಗದ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ನಿಮಿಷ ದೊಡ್ಡದು. ಶತಮಾನಗಳು ಉರುಳಿದಂತೆ ಆ ನಿಮಿಷಗಳು ದಿನಗಳಾಗಿ ಬೆಳೆದಿದ್ದವು. ಪೋಪ್ 13ನೆಯ ಗ್ರೆಗರಿ 1582ರಲ್ಲೇ ಇದನ್ನು ಸರಿಪಡಿಸಿ, ಅಕ್ಟೋಬರ್ 4ರ ಮರುದಿನವನ್ನು 15 ಎಂದು ಸಾರಿದ್ದರು. ಇಟಲಿ, ಸ್ಪೇನ್, ಪೋರ್ಚುಗಲ್‌ಗಳು ಒಪ್ಪಿದವು. ಪ್ರಾಟೆಸ್ಟಂಟ್ ಇಂಗ್ಲೆಂಡ್ ಮಾತ್ರ 170 ವರ್ಷ ಕಿವಿಗೊಡಲಿಲ್ಲ. ರಷ್ಯ ಒಪ್ಪಿದ್ದು ಕ್ರಾಂತಿಯ ನಂತರ, 1918ರಲ್ಲಿ.

ಎಂದೋ ಮುಗಿದುಹೋದ ಈ ಜಗಳ ಗಣಕಗಳ ಒಳಗೆ ಇನ್ನೂ ಮುಗಿದಿಲ್ಲ.

ಡೇಟಾಬೇಸ್ ಎಂದರೆ ಕಾಲಂಗಳಲ್ಲಿ ಮಾಹಿತಿ ತುಂಬಿಡುವ ಗಣಕದ ರಿಜಿಸ್ಟರು. ಬ್ಯಾಂಕು, ರೈಲ್ವೆ, ಪಿಂಚಣಿ ಕಚೇರಿ ಎಲ್ಲವೂ ನಡೆಯುವುದು ಇದರ ಮೇಲೆಯೇ. ಹೆಸರಿನ ಕಾಲಂನಲ್ಲಿ ಯಾವ ಅಕ್ಷರಗಳನ್ನಾದರೂ ಬರೆಯಬಹುದು. ತಾರೀಖಿನ ಕಾಲಂ ಹಾಗಲ್ಲ. ಹೊರಗೆ ದಿನ, ತಿಂಗಳು, ವರ್ಷ ಕಂಡರೂ ಒಳಗೆ ಇರುವುದು ಹೆಚ್ಚಾಗಿ ಒಂದು ಸಂಖ್ಯೆ, ಅಂದರೆ ಯಾವುದೋ ಮೊದಲ ದಿನದಿಂದ ಎಷ್ಟು ದಿನ ಕಳೆಯಿತೆಂಬ ಎಣಿಕೆ. ಆ ಮೊದಲ ದಿನ ಯಾವುದೆಂದು ಗೊತ್ತುಮಾಡಿದವರು ತಂತ್ರಾಂಶ ಬರೆದವರು. ಒಬ್ಬರ ತೀರ್ಮಾನ ಇನ್ನೊಬ್ಬರದಲ್ಲ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವಾಗ ತೊಡಕು ಹುಟ್ಟುವುದು ಇಲ್ಲಿ.

ಸೈಬೇಸ್ ತಂತ್ರಾಂಶದಿಂದ ಕವಲೊಡೆದ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ಡೇಟ್‌ಟೈಮ್’ ಎಂಬ ಬಗೆಯ ಕಾಲಂ 1753ರ ಜನವರಿ 1ಕ್ಕಿಂತ ಹಿಂದಿನ ಯಾವ ತಾರೀಖನ್ನೂ ಸ್ವೀಕರಿಸುವುದಿಲ್ಲ. ಹನ್ನೊಂದು ದಿನ ಕಳೆದುಕೊಂಡ ವರ್ಷವನ್ನು ದಾಟಿ ಲೆಕ್ಕ ಹಾಕುವ ತಂಟೆಯೇ ಬೇಡವೆಂದು ಅದರ ಮರುವರ್ಷದಿಂದ ಆರಂಭಿಸಿದ್ದು. ಬ್ರಿಟನ್ನಿನ ಇತಿಹಾಸ ಇಡೀ ಲೋಕದ ಗಡಿಯಾಯಿತು! 2008ರ ಆವೃತ್ತಿಯಲ್ಲಿ ಕ್ರಿ.ಶ. 1ರಿಂದ ಎಣಿಸುವ ಹೊಸ ಬಗೆಯ ಕಾಲಂ ಬಂತಾದರೂ ಹಳೆಯದೂ ಉಳಿದುಕೊಂಡಿದೆ. ಒರೇಕಲ್ ಪೋಪರ ಪಕ್ಷ: ಅಲ್ಲಿ 1582ರ ಅಕ್ಟೋಬರ್ 4ರ ಬಳಿಕ ನೇರವಾಗಿ 15. ಪೋಸ್ಟ್‌ಗ್ರೆಸ್ ಎಂಬ ಮತ್ತೊಂದು ವ್ಯವಸ್ಥೆ ಗ್ರೆಗರಿಯ ಲೆಕ್ಕವನ್ನು ಆತ ಹುಟ್ಟುವ ಮೊದಲಿನ ಶತಮಾನಗಳಿಗೂ ಎಳೆದೊಯ್ಯುತ್ತದೆ. ಹೀಗಾಗಿ ಆ ವರ್ಷದ ಅಕ್ಟೋಬರ್ 10 ಎಂಬ ದಿನ ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ.

ಕಚೇರಿಗಳಲ್ಲಿ ಎಲ್ಲರೂ ಬಳಸುವ ಎಕ್ಸೆಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. 1900 ಅಧಿಕವರ್ಷವಲ್ಲ, ಆದರೂ ಎಕ್ಸೆಲ್ಲಿನಲ್ಲಿ ಆ ವರ್ಷದ ಫೆಬ್ರವರಿಗೆ 29 ದಿನ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ ಆ ತಪ್ಪು ಇತ್ತು. ಅದರ ಹಾಳೆಗಳು ಸಲೀಸಾಗಿ ತೆರೆದುಕೊಳ್ಳಲೆಂದು ಮೈಕ್ರೋಸಾಫ್ಟ್ ತಿಳಿದೂ ತಿಳಿದೂ ತಪ್ಪನ್ನೇ ನಕಲು ಮಾಡಿತು. ಮ್ಯಾಕಿಂಟಾಷಿನ ಎಕ್ಸೆಲ್ ಮಾತ್ರ 1904ರಿಂದ ಎಣಿಕೆ ಶುರುಮಾಡಿ ಈ ಗೊಂದಲದಿಂದ ಪಾರಾಯಿತು. ಫಲ, ಎರಡರ ನಡುವೆ 1,462 ದಿನಗಳ ಅಂತರ. ಎಚ್ಚರ ತಪ್ಪಿ ನಕಲು ಮಾಡಿದರೆ ತಾರೀಖುಗಳೆಲ್ಲ ನಾಲ್ಕು ವರ್ಷ ಒಂದು ದಿನ ಪಲ್ಲಟವಾಗುತ್ತವೆ. ಯಂತ್ರ ತಕರಾರು ಹೇಳುವುದಿಲ್ಲ.

ಇಂಥ ಕಾಲಂಗೆ ಕರ್ನಾಟಕದ ಇತಿಹಾಸವನ್ನು ತುಂಬಹೊರಟರೆ ಏನಾದೀತು? ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಶಕರಾಜನ ಪಟ್ಟಾಭಿಷೇಕವಾಗಿ 500 ವರ್ಷ ಕಳೆದಿವೆ, ಆಳ್ವಿಕೆಯ 12ನೆಯ ವರ್ಷ, ಕಾರ್ತಿಕದ ಹುಣ್ಣಿಮೆ ಎಂದು ಅದು ಹೇಳುತ್ತದೆ. ಕಳೆದ ವರ್ಷಗಳ ಲೆಕ್ಕವಾದ್ದರಿಂದ 78 ಕೂಡಿಸಿದರೆ ಕ್ರಿ.ಶ. 578. ‘ಡೇಟ್‌ಟೈಮ್’ ಕಾಲಂ ಇದನ್ನು ತಳ್ಳಿಹಾಕುತ್ತದೆ. ಒಪ್ಪುವ ವ್ಯವಸ್ಥೆಗಳಲ್ಲೂ ಅಂದಿನ ಹುಣ್ಣಿಮೆಗೆ ಜೂಲಿಯನ್ ಲೆಕ್ಕದ ತಾರೀಖು ಒಂದು, ಗ್ರೆಗೋರಿಯನ್ ಲೆಕ್ಕದ್ದು ಅದಕ್ಕೆ ಎರಡು ದಿನ ಮುಂದೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳು ಇಂಥ ಪರಿವರ್ತನೆಗೆ ಸಂಶೋಧಕರ ಕೈದೀವಿಗೆಯಾದವು. ಗಣಕದ ಕಾಲಂಗೆ ಆ ತಾಳ್ಮೆಯಿಲ್ಲ.

ಶಕವರ್ಷ ಹೇಳದೆ ಸಂವತ್ಸರವನ್ನಷ್ಟೇ ಹೇಳುವ ಬರಹಗಳೂ ಇವೆ. ಪ್ರಭವ 1987ರಲ್ಲೂ ಬಂದಿತ್ತು, 1927ರಲ್ಲೂ ಬಂದಿತ್ತು. 2000 ಇಸವಿ ಸಮೀಪಿಸಿದಾಗ ಗಣಕ ಲೋಕವನ್ನು ನಡುಗಿಸಿದ ಎರಡಂಕಿಯ ವರ್ಷದ ಸಮಸ್ಯೆ ಇದೇ ಜಾತಿಯದು. ಅಲ್ಲಿ ಚಕ್ರ ನೂರು ವರ್ಷದ್ದು, ಇಲ್ಲಿ ಅರವತ್ತರದು.

ಹಳೆಯ ಕಾಲದ್ದಷ್ಟೇ ಅಲ್ಲ ಈ ಪಾಡು. ಹುಟ್ಟಿದ ವರ್ಷ ಮಾತ್ರ ಗೊತ್ತಿರುವ ಹಿರಿಯರು ಹಳ್ಳಿಗಳಲ್ಲಿ ಎಷ್ಟೋ ಮಂದಿ. ಕಾಗದದ ರಿಜಿಸ್ಟರಿನಲ್ಲಿ ‘1938’ ಎಂದಷ್ಟೇ ಬರೆಯಬಹುದಿತ್ತು. ದಿನ, ತಿಂಗಳು ಕೇಳುವ ಕಾಲಂಗೆ ಅದು ಸಾಲದು. ಜನವರಿ 1 ಎಂದು ತುಂಬಿದರೆ ಕೆಲಸ ಮುಗಿಯುತ್ತದೆ. ಮಾಹಿತಿ ಎರಡು ಬಾರಿ ವ್ಯವಸ್ಥೆ ಬದಲಿಸುವಷ್ಟರಲ್ಲಿ ಅದು ಅನುಕೂಲಕ್ಕಾಗಿ ತುಂಬಿದ್ದೆಂದು ಬಲ್ಲವರೇ ಇರುವುದಿಲ್ಲ. ಇನ್ನೊಂದು ದಾಖಲೆಯಲ್ಲಿ ಶಾಲೆಯ ಮೇಷ್ಟರು ಬರೆದ ಜೂನ್ 1 ಇದ್ದರಂತೂ ಪಿಂಚಣಿಗಾಗಿ ಅಲೆದಾಟ ಆ ಹಿರಿಯರ ಪಾಲಿಗೆ.

ಮೂಲದಲ್ಲಿ ಇದ್ದದ್ದನ್ನು ಇದ್ದಂತೆಯೇ ಒಂದು ಕಾಲಂನಲ್ಲಿ ಅಕ್ಷರಗಳಾಗಿ ಉಳಿಸಿ, ಪರಿವರ್ತಿಸಿದ ತಾರೀಖನ್ನು ಪಕ್ಕದಲ್ಲಿ ಬರೆಯುವುದು ಬಲ್ಲವರ ರೂಢಿ. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆಸಿದ ಶಾಸನದಲ್ಲೂ ಕಾಲದ ಕಾಲಂಗಳು ಎರಡು: ಭಾರತ ಯುದ್ಧದಿಂದ 3735 ವರ್ಷ, ಶಕ ರಾಜರ ಕಾಲದಿಂದ 556.