ಮೂತ್ರಪಿಂಡ ವೈಫಲ್ಯದ ಮೂಳೆರೋಗ

ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹತೋಟಿ ಮೀರಿ ಕೆಲಸ ಮಾಡುವುದರಿಂದ ಮೂಳೆಗೆ ಒದಗುವ ಹಾನಿ. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡಿರುವ ಈ ಪುಟ್ಟ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ರಿಚರ್ಡ್ ಓವನ್ ಇವನ್ನು ಮೊದಲು ಗುರುತಿಸಿದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ. ಮನುಷ್ಯನಲ್ಲಿ ವಿವರಿಸಿದವನು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರಾಮ್, 1880ರಲ್ಲಿ.

ಮೂತ್ರಪಿಂಡ ಸೋತಾಗ ರಂಜಕ ದೇಹದಲ್ಲೇ ಉಳಿಯುತ್ತದೆ, ವಿಟಮಿನ್ ಡಿ ಸಕ್ರಿಯ ರೂಪಕ್ಕೆ ಬರುವುದಿಲ್ಲ, ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಅದನ್ನು ಸರಿದೂಗಿಸಲು ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಮೂಳೆಯಿಂದ ಕ್ಯಾಲ್ಸಿಯಂ ಸೆಳೆಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಗ್ರಂಥಿಗಳು ಊದಿಕೊಳ್ಳುತ್ತವೆ, ಮೂಳೆ ಸವೆದು ನಾರುಗಟ್ಟುತ್ತದೆ. ಎಕ್ಸ್‌ರೇಯಲ್ಲಿ ಮೊದಲು ಸುಳಿವು ಕೊಡುವುದು ಬೆರಳೆಲುಬುಗಳ ಅಂಚು. ಕೀಲುನೋವು, ಮೈತುರಿಕೆ, ತೊಡೆಯ ಸ್ನಾಯುಗಳ ನಿತ್ರಾಣ, ಸಣ್ಣ ಏಟಿಗೇ ಎಲುಬು ಮುರಿಯುವುದು ಲಕ್ಷಣಗಳು. ಇವನ್ನು ವಾತವೆಂದೋ ವಯಸ್ಸೆಂದೋ ತಳ್ಳಿಹಾಕುವುದೇ ಹೆಚ್ಚು. ಕ್ಯಾಲ್ಸಿಯಂ ರಕ್ತನಾಳಗಳಲ್ಲೂ ಗಟ್ಟಿಗಟ್ಟುವುದರಿಂದ, 2006ರಿಂದೀಚೆಗೆ ಮೂಳೆ, ರಕ್ತ, ರಕ್ತನಾಳಗಳ ಕೆಡುಕನ್ನು ಒಂದೇ ಕಾಯಿಲೆಯಾಗಿ ಕಾಣುವ ರೂಢಿ ಬಂದಿದೆ.

ವಾರಕ್ಕೆ ಮೂರು ಡಯಾಲಿಸಿಸ್ ಹೊರಹಾಕುವ ರಂಜಕ ಸುಮಾರು ಎರಡೂವರೆಯಿಂದ ಮೂರು ಗ್ರಾಂ. ಊಟದಿಂದ ಒಳಸೇರುವುದು ಅದಕ್ಕಿಂತ ಹೆಚ್ಚು. ಹಾಗಾಗಿ ಪಥ್ಯ ಅನಿವಾರ್ಯ. ಉಡುಪಿ ಜಿಲ್ಲೆಯ ಕಾರ್ಕಳದಂಥ ಊರಿನಲ್ಲಿ ಅದು ಸುಲಭವಲ್ಲ: ಮುಳ್ಳುಸಮೇತ ತಿನ್ನುವ ಸಣ್ಣ ಒಣಮೀನಿನಲ್ಲಿ ರಂಜಕ ತುಂಬಿದೆ, 100 ಗ್ರಾಂ ಗೇರುಬೀಜದಲ್ಲಿ 600 ಮಿಲಿಗ್ರಾಂ ಹತ್ತಿರವಿದೆ. ಆದರೂ ಗೇರುಬೀಜದ್ದು ಪೂರ್ತಿ ಹೀರಲ್ಪಡುವುದಿಲ್ಲ. ಕೋಲಾ ಪಾನೀಯಗಳಿಗೂ ಸಂಸ್ಕರಿಸಿದ ತಿಂಡಿಗಳಿಗೂ ಬೆರೆಸಿದ ರಂಜಕ ಬಹುಪಾಲು ರಕ್ತ ಸೇರುತ್ತದೆ. ಮೊದಲು ಬಿಡಬೇಕಾದದ್ದು ಇವನ್ನೇ.

ರಂಜಕ ತಡೆಯುವ ಸೆವೆಲಾಮರ್, ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು. ಹೊತ್ತುತಪ್ಪಿ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಕ್ಯಾಲ್ಸಿಟ್ರಯಾಲ್, ಸಿನಾಕಲ್ಸೆಟ್ ಔಷಧಗಳು ಪ್ಯಾರಾಥೈರಾಯ್ಡ್ ಹಾರ್ಮೋನನ್ನು ತಗ್ಗಿಸುತ್ತವೆ. ಅತಿಯಾಗಿ ತಗ್ಗಿಸಿದರೆ ಮೂಳೆಯ ನವೀಕರಣವೇ ನಿಂತು ಅದು ಜಡವಾಗುತ್ತದೆ, ಆಗಲೂ ಮುರಿಯುತ್ತದೆ. ಆದ್ದರಿಂದ ಡಯಾಲಿಸಿಸ್ ರೋಗಿಗಳಲ್ಲಿ ಹಾರ್ಮೋನನ್ನು ಆರೋಗ್ಯವಂತರ ಗರಿಷ್ಠ ಮಿತಿಯ 2ರಿಂದ 9 ಪಟ್ಟಿನೊಳಗೆ ಇಡುವುದು ಅಂತರರಾಷ್ಟ್ರೀಯ ಸಲಹೆ. ಔಷಧಕ್ಕೆ ಬಗ್ಗದಿದ್ದರೆ ಗ್ರಂಥಿಗಳನ್ನು ತೆಗೆಯುತ್ತಾರೆ. ಬಳಿಕ ಹಸಿದ ಮೂಳೆ ಕ್ಯಾಲ್ಸಿಯಂ ಅನ್ನು ಹೀರಿಕೊಂಡು ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕಾರ್ಕಳದವರಿಗೆ ಇಂಥ ತಜ್ಞ ಚಿಕಿತ್ಸೆಗೆ ಹತ್ತಿರದ ದೊಡ್ಡ ಕೇಂದ್ರ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ.

ಡಯಾಲಿಸಿಸ್‌ನಲ್ಲಿರುವವರು ಮೂಳೆನೋವು, ತುರಿಕೆಗಳನ್ನು ವೈದ್ಯರಿಗೆ ತಿಳಿಸಿ, ಕ್ಯಾಲ್ಸಿಯಂ, ರಂಜಕಗಳ ಜೊತೆಗೆ ಪ್ಯಾರಾಥೈರಾಯ್ಡ್ ಹಾರ್ಮೋನಿನ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.