ಸೋರೆಬುರುಡೆಯಿಂದ ನೀರಿನ ಬಾಟಲಿಯವರೆಗೆ

ಖಾಲಿಯಾದದ್ದನ್ನು ಎಸೆಯದೆ ಬಳಸುವುದು ತೆಂಗು ಬೆಳೆಯುವ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಿಗೆ ಹೊಸ ಪಾಠವೇನಲ್ಲ. ಕರಟ ಸೌಟಾಗುತ್ತಿತ್ತು, ಒಣಗಿದ ಸೋರೆಬುರುಡೆಯಲ್ಲಿ ಬಿತ್ತನೆ ಬೀಜ ಉಳಿಯುತ್ತಿತ್ತು. ಸೀಮೆಎಣ್ಣೆ ಬಂದ ಮೇಲೆ ಅದರ ತಗಡಿನ ಡಬ್ಬವೇ ನೀರು ಹೊರುವ ಪಾತ್ರೆಯಾಯಿತು. ಗಾಜಿನ ಬಾಟಲಿ ಎಣ್ಣೆ ತರಲು ಮತ್ತೆ ಮತ್ತೆ ಅಂಗಡಿಗೆ ಹೋಗಿಬರುತ್ತಿತ್ತು.

ಪ್ಲಾಸ್ಟಿಕ್ ಬಾಟಲಿ ಈ ಸಾಲಿಗೆ ಸೇರಿದ್ದು ತಡವಾಗಿ. ಅಮೆರಿಕದ ನಥಾನಿಯಲ್ ವೈತ್ ‘ಪೆಟ್’ ಬಾಟಲಿಗೆ ಪೇಟೆಂಟ್ ಪಡೆದದ್ದು 1973ರಲ್ಲಿ. ಅದು ಹಗುರ, ಸುಲಭವಾಗಿ ಒಡೆಯದು. ಆದರೆ ಕರಟದಂತೆ ಒಲೆಗೆ ಹಾಕುವಂತಿಲ್ಲ. ಬುರುಡೆಯಂತೆ ಮಣ್ಣಾಗುವುದೂ ಇಲ್ಲ.

ತಳಕ್ಕೆ ಸಣ್ಣ ತೂತು ಮಾಡಿ ಸಸಿಯ ಬುಡದಲ್ಲಿ ಹೂತರೆ ಬಯಲುಸೀಮೆಯ ಬೇಸಿಗೆಯಲ್ಲಿ ಅದು ಹನಿ ಹನಿಯಾಗಿ ನೀರುಣಿಸುತ್ತದೆ. ಆದರೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಪೆಡಸಾಗಿ, ಚೂರಾಗಿ ತೋಟದಲ್ಲೇ ಉಳಿಯುತ್ತದೆ. ಅದಕ್ಕೆ ಮೊದಲೇ ಗುಜರಿಗೆ ಹೋದರೆ ಕಾರ್ಖಾನೆಯಲ್ಲಿ ಕರಗಿ ಪಾಲಿಯೆಸ್ಟರ್ ನೂಲಾಗಬಲ್ಲದು.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈನಲ್ಲಿ ಜಾರಿಗೆ ಬಂದ ಕೇಂದ್ರದ ನಿಷೇಧದ ಪಟ್ಟಿಯಲ್ಲೂ ನೀರಿನ ಬಾಟಲಿ ಇರಲಿಲ್ಲ. ಹಾಗಾಗಿ ಹಳೆಯ ಜಾಣತನಕ್ಕೆ ಇನ್ನೊಂದು ಹೆಜ್ಜೆ ಸೇರಬೇಕಾಗಿದೆ: ಬಳಸಿದ ಮೇಲೆ ಅದನ್ನು ಗುಜರಿಯವನ ಕೈಗೆ ಮುಟ್ಟಿಸುವುದು.